ಬಾಡಿಗೆಯ ಮನೆ ಮತ್ತು ನಮ್ಮ ಸಾಹಿತ್ಯ

ಕನ್ನಡ ಕಾದಂಬರಿಯಲ್ಲಿ ಮನೆಗಳಿಗೆ ಕೊರತೆಯಿಲ್ಲ. ತೊಟ್ಟಿಯ ಮನೆ, ಗುತ್ತಿನ ಮನೆ, ಅಣ್ಣತಮ್ಮಂದಿರಲ್ಲಿ ಪಾಲಾಗುವ ಮನೆ, ಇವನ್ನು ಕುರಿತು ನಮ್ಮ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಪರರ ಮನೆಯಲ್ಲಿ ತಿಂಗಳಿಗೆ ಇಷ್ಟೆಂದು ತೆತ್ತು ಬಾಳುವವರ ಕಥೆಯನ್ನು ಓದುವಾಗ ಮಾತ್ರ ಒಂದು ಸಂಗತಿ ನಮಗೆ ಮರೆತುಹೋಗುತ್ತದೆ. ಅಲ್ಲಿ ಮನೆಯೆಂಬುದು ಸಂಕೇತವಾಗುವುದಕ್ಕೆ ಮೊದಲು ಒಂದು ಕರಾರು. ಆ ಕರಾರಿಗೆ ಮೊತ್ತವೂ ಉಂಟು, ತಾರೀಖೂ ಉಂಟು. ಮೊತ್ತದ ಭಾರವನ್ನು ನಮ್ಮ ಲೇಖಕರು ಚೆನ್ನಾಗಿ ಬಣ್ಣಿಸಿದ್ದಾರೆ. ತಾರೀಖಿನ ಕಾಠಿಣ್ಯವನ್ನು ಕಂಡವರು ಕಡಮೆ. ಗೊತ್ತಾದ ವರಮಾನವಿಲ್ಲದ ಸಂಸಾರವನ್ನು ಬೀದಿಗೆ ತರುವುದು ಎಷ್ಟೋ ವೇಳೆ ಈ ತಾರೀಖೇ.

ಈ ದೃಷ್ಟಿಯಿಂದ ಮೊದಲು ನೆನೆಯಬೇಕಾದ ಕೃತಿ ನಿರಂಜನರ ‘ರಂಗಮ್ಮನ ವಠಾರ’ (1954). ಇದರಲ್ಲಿ ಒಬ್ಬ ನಾಯಕನಿಲ್ಲ. ಬೆಂಗಳೂರಿನ ಒಂದು ವಠಾರವೇ ನಾಯಕ. ಒಡತಿ ರಂಗಮ್ಮ ವಿಧವೆ. ಪ್ರಗತಿಶೀಲ ಪಂಥದ ಲೇಖಕರಿಗೆ ಆಕೆಯನ್ನು ಕೇವಲ ಶೋಷಕಿಯಾಗಿ ಚಿತ್ರಿಸುವುದು ಸುಲಭವಾಗಿತ್ತು. ನಿರಂಜನರು ಆ ಸುಲಭದ ದಾರಿ ಹಿಡಿಯಲಿಲ್ಲ. ಒಂದು ಸಾವಿನಿಂದ ಮನೆ ತೆರವಾಗುತ್ತದೆ. ಸತ್ತವರಿಗಾಗಿ ಮರುಗುವ ಮನಸ್ಸಿನಲ್ಲೇ ಮುಂದೆ ಯಾರು ಬಾಡಿಗೆಗೆ ಬಂದಾರು ಎಂಬ ಯೋಚನೆಯೂ ಹುಟ್ಟುತ್ತದೆ. ಇದು ಕ್ರೌರ್ಯವಲ್ಲ, ಬಾಡಿಗೆಯನ್ನೇ ನಂಬಿದ ಜೀವನದ ಸಹಜ ಗತಿ. ಕೊಡುವವರೂ ಕೊಳ್ಳುವವರೂ ಒಂದೇ ಹಗ್ಗದ ಎರಡು ತುದಿಗಳಲ್ಲಿ ಇದ್ದಾರೆಂಬುದನ್ನು ಇಷ್ಟು ಸಮಚಿತ್ತದಿಂದ ಕಾಣಿಸಿದ ಕೃತಿಗಳು ವಿರಳ.

ಆದರೂ ಈ ವಠಾರಕ್ಕೆ ಒಂದು ಬಾಗಿಲುಂಟು. ಒಳಗಿರುವವರು ಬಹುಮಟ್ಟಿಗೆ ಕೆಳಮಧ್ಯಮ ವರ್ಗದ, ಒಬ್ಬರ ಮಾತು ಒಬ್ಬರಿಗೆ ತಿಳಿಯುವ ವಲಯದ ಜನ. ಕಷ್ಟವೆಲ್ಲ ಬಾಗಿಲ ಒಳಗಿನದು. ಹೊರಗೇ ನಿಂತವರ ಗತಿಯೇನು ಎಂಬ ಪ್ರಶ್ನೆಗೆ ಕಾದಂಬರಿ ಹೆಚ್ಚು ಕಿವಿಗೊಡುವುದಿಲ್ಲ.

ಸುಮಾರು ಅರುವತ್ತು ವರ್ಷಗಳ ಅನಂತರ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇನ್ನೊಂದು ಬಗೆಯ ಚಿತ್ರ. ಅಲ್ಲಿಯ ತಂದೆ ಚಹಾಪುಡಿ ಮಾರುವ ಕಂಪೆನಿಯ ಸೇಲ್ಸ್‌ಮನ್. ದಿನದ ಲೆಕ್ಕ ಹೊಂದದಿದ್ದರೆ ಮನೆಮಂದಿಗೆಲ್ಲ ಆತಂಕ. ಒಂದು ಗ್ಯಾಸ್ ಒಲೆ ಕೊಳ್ಳುವುದೂ ಅಲ್ಲಿ ಇಡೀ ಸಂಸಾರದ ಸಮಾಲೋಚನೆಯ ವಿಷಯ. ಇರುವೆಗಳು ಮುತ್ತುವ ಆ ಇಕ್ಕಟ್ಟಿನ ಮನೆಯನ್ನು ಲೇಖಕರು ಬಹು ಸೂಕ್ಷ್ಮವಾಗಿ ಕಂಡಿದ್ದಾರೆ. ಆದರೆ ಅದನ್ನು ನೆನೆಯುವವನು ಈಗ ಸಿರಿವಂತರ ಮನೆಯಲ್ಲಿ ಕುಳಿತಿದ್ದಾನೆ. ಒಗ್ಗಟ್ಟಿದ್ದ ಕಾಲ ಎಂಬ ಹಂಬಲದ ಬೆಳಕು ಆ ಬಡತನದ ಮೇಲೆ ಬಿದ್ದಿದೆ. ಕೃತಿಯ ಉದ್ದೇಶಕ್ಕೆ ಅದು ಸರಿಯೇ. ಆದರೂ ಇಕ್ಕಟ್ಟಿನ ಮನೆ ಸಂಸಾರವನ್ನು ಒಂದುಗೂಡಿಸುತ್ತದೆ ಎಂಬ ನೀತಿಯನ್ನು ಓದುಗರು ಅದರಿಂದ ಹೊರಡಿಸಬಾರದು. ಆ ಸಂಸಾರಕ್ಕೆ ಆಧಾರವಾಗಿದ್ದುದು ಮನೆಯ ಇಕ್ಕಟ್ಟಲ್ಲ, ತಿಂಗಳು ತಿಂಗಳೂ ಬರುತ್ತಿದ್ದ ಸಂಬಳ.

ಸಂಬಳವೇ ಇಲ್ಲದವರ ಮಾತಿಗೆ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಗೆ ಬರಬೇಕು. ನಿರಂಜನರ ಕಾದಂಬರಿ ಪ್ರಕಟವಾದ 1954ರಲ್ಲೇ ಹುಟ್ಟಿದ ಈ ಕವಿ, ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಕೂಲಿಕಾರರ ಮಗ. ಕೂಲಿಗೆ ತಾರೀಖಿಲ್ಲ, ಸಿಕ್ಕಿದ ದಿನ ಉಂಟು, ಇಲ್ಲದ ದಿನ ಇಲ್ಲ. ಅಲ್ಲಿಯ ಸ್ಮಶಾನದಲ್ಲಿ ಕುಳಿತು ಓದುತ್ತಿದ್ದ ಸಂಗತಿಯನ್ನು ಸಿದ್ಧಲಿಂಗಯ್ಯನವರು ನಗುನಗುತ್ತಲೇ ಹೇಳುತ್ತಾರೆ. ಆ ವಿನೋದವನ್ನು ನಾವು ಮೆಚ್ಚಿದ್ದೇವೆ, ತರಗತಿಗಳಲ್ಲಿ ಪಾಠವನ್ನೂ ಹೇಳಿದ್ದೇವೆ. ಅದೇ ಮಾತು ವಸತಿಯ ಚರಿತ್ರೆಯೂ ಹೌದೆಂದು ಗಮನಿಸಿಲ್ಲ. ಬಡವರ ಹುಡುಗನೊಬ್ಬನಿಗೆ ಇಡೀ ನಗರದಲ್ಲಿ ಯಾರೂ ಬಾಡಿಗೆ ಕೇಳದೆ ಕುಳಿತುಕೊಳ್ಳಲು ಬಿಟ್ಟ ಸ್ಥಳ ಅದು. ರಂಗಮ್ಮನ ವಠಾರದ ಬಾಗಿಲಿನ ಹೊರಗೆ ಏನಿತ್ತೆಂಬುದಕ್ಕೆ ‘ಊರುಕೇರಿ’ಯೇ ಉತ್ತರ. ಈ ಎರಡು ಪುಸ್ತಕಗಳನ್ನು ಜೊತೆಯಲ್ಲಿಟ್ಟು ಓದಿದರೆ ಪ್ರತಿಯೊಂದೂ ಇನ್ನೊಂದನ್ನು ತುಂಬಿಕೊಡುತ್ತದೆ.

ಇನ್ನು ಬರೆಯದೆ ಉಳಿದಿರುವುದು ಮನೆ ಹುಡುಕುವ ಕಥೆ. ಮದುವೆಯ ಕಾಲದಲ್ಲಿ ಕೈತುಂಬ ಕೆಲಸವಿರುವ ದರ್ಜಿ, ಅಡಿಗೆಯವರು, ಓಲಗದವರು, ಚಪ್ಪರದವರು ಆಷಾಢ ಬಂದರೆ ಬರಿಗೈಯಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ಬಣ್ಣ ಬಳಿಯುವವನಿಗೆ ಕೆಲಸವಿಲ್ಲ. ಇವರು ವರ್ಷದಲ್ಲಿ ಗಳಿಸುವ ಹಣ ಒಬ್ಬ ಜವಾನನ ಸಂಬಳಕ್ಕೆ ಸಮನಾಗಿದ್ದರೂ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಮುಂದೆ ಇಬ್ಬರೂ ಸಮಾನರಲ್ಲ. “ಎಲ್ಲಿ ಕೆಲಸ?” ಎಂಬ ಮೊದಲನೆಯ ಪ್ರಶ್ನೆಯಲ್ಲೇ ಇವರು ಸೋಲುತ್ತಾರೆ. “ಎಷ್ಟು ಜನ?” “ಯಾವ ಜನ?” ಎಂಬುವು ಆಮೇಲಿನವು. ಅದನ್ನೂ ದಾಟಿದರೆ ಮುಂಗಡ. ಬೆಂಗಳೂರಿನಲ್ಲಿ ಬಹುಕಾಲ ರೂಢಿಯಲ್ಲಿದ್ದ ಹತ್ತು ತಿಂಗಳ ಮುಂಗಡವನ್ನೇ ಕೇಳಿದರೆ, 6,000 ರೂಪಾಯಿ ಬಾಡಿಗೆಯ ಮನೆಗೆ 60,000 ರೂಪಾಯಿ ಒಟ್ಟಿಗೆ ಎಣಿಸಬೇಕು. ಅಷ್ಟು ಹಣ ಕೂಡಿಟ್ಟವನಿಗೆ ಅಂಥ ಮನೆ ಬೇಕಾಗುವುದೇ ಅಪರೂಪ. ಸಾಲ ತಂದರೆ ಬಾಡಿಗೆಯ ಜೊತೆಗೆ ಬಡ್ಡಿಯೂ ತಿಂಗಳ ಬಾಕಿಯಾಗುತ್ತದೆ.

ಕಾನೂನಿನ ಆಸರೆಯೂ ತೆಳುವಾದದ್ದು. 2001ರ ಕೊನೆಯಲ್ಲಿ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆಂದಿತು. ಆದರೆ ಅದು ಮಾದರಿ. ಆಯಾ ರಾಜ್ಯ ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ.

ಇದೆಲ್ಲ ಅರ್ಥಶಾಸ್ತ್ರಜ್ಞರ ಕೆಲಸ, ಸಾಹಿತ್ಯದ ಮಾತಲ್ಲ ಎಂದು ಕೆಲವರು ಹೇಳಬಹುದು. ಅಂಥವರಿಗೆ ನಮ್ಮ ಬಿನ್ನಹವಿಷ್ಟೆ. ಬಾಗಿಲಲ್ಲಿ ನಿಂತ ಗಂಡಹೆಂಡಿರು ಇಲ್ಲದ ಸಂಬಳವನ್ನು ಇದೆಯೆಂದು ಹೇಳುವ ಗಳಿಗೆಯಲ್ಲಿ, ಮಕ್ಕಳು ನಾಲ್ವರಿದ್ದರೂ ಇಬ್ಬರೆನ್ನುವ ಗಳಿಗೆಯಲ್ಲಿ, ಮನುಷ್ಯಸ್ವಭಾವದ ಎಷ್ಟು ಸಂಗತಿ ಬಯಲಾಗುತ್ತದೆ! ನಿರಂಜನರು ವಠಾರವನ್ನು ಒಳಗಿನಿಂದ ತೋರಿಸಿದರು. ಅದರ ಬಾಗಿಲನ್ನು ಹೊರಗಿನಿಂದ ತಟ್ಟುವವರ ಕಾದಂಬರಿ ಇನ್ನು ಬರಬೇಕಾಗಿದೆ. ಬಂದಾಗ ಅದನ್ನು ‘ನೆಲೆಯ ಹುಡುಕಾಟ’ದ ರೂಪಕವೆಂದು ಹೊಗಳಿ ಸುಮ್ಮನಾಗದೆ, ಬಾಡಿಗೆ ಎಷ್ಟು, ಯಾವ ತಾರೀಖಿಗೆ, ಅಂದು ಆ ಮನೆಯಲ್ಲಿ ದುಡ್ಡಿತ್ತೇ ಎಂದು ಕೇಳುವಷ್ಟು ವಿವೇಕ ನಮ್ಮ ವಿಮರ್ಶೆಗೆ ಇರಲಿ.