ಕಲ್ಲಿನ ಹೆಸರು, ಕಾಗದದ ಹೆಸರು

1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವಾಲಯದಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಕಲ್ಲಿನಲ್ಲಿವೆ. ಅದೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಮಂಗಳೂರಿನಲ್ಲಿದ್ದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುವಿನ ದಾಸನ ಹೆಸರು ಕಾಗದದಲ್ಲಿ ಉಳಿಯಿತು. ದೇವರ ನಾಮವಿರುವ ಬರಹವನ್ನು ನಾಶಗೊಳಿಸಬಾರದೆಂಬ ಯೆಹೂದ್ಯರ ಆಚಾರದಿಂದಲೇ ಕೈರೋವಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಅಂತಹ ಪತ್ರಗಳು ರಾಶಿಬಿದ್ದಿದ್ದುವು.

ಅಮಿತಾವ ಘೋಷರು ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ (1992) ಗ್ರಂಥದಲ್ಲಿ ಒಡೆಯನನ್ನು ಬಿಟ್ಟು ಈ ದಾಸನನ್ನೇ ಅರಸಿದುದು ಶ್ಲಾಘ್ಯವಾದುದು. ಸ್ವರಚಿಹ್ನೆಗಳಿಲ್ಲದ ಹೀಬ್ರೂ ಲಿಪಿಯ ಹೆಸರನ್ನು ‘ಬೊಮ್ಮ’ ಎಂದೋದಿದುದೂ ಯುಕ್ತವೇ. ಆದರೆ ಆ ಹೆಸರೊಂದರ ಬಲದಿಂದ ಆತನನ್ನು ಬೆರ್ಮೆರನ್ನಾರಾಧಿಸುವ ತುಳುವ ಕುಲಕ್ಕೆ ಸೇರಿಸಿದುದು ರಮ್ಯವಾದ ಊಹೆ, ಪ್ರಮಾಣವಲ್ಲ. ಪತ್ರಗಳು ವರ್ತಕರವು, ಬೊಮ್ಮನ ಮಾತು ಅವುಗಳಲ್ಲಿಲ್ಲ. ಆ ಮೌನವನ್ನು ಮೌನವೆಂದೇ ಉಳಿಸಿದಲ್ಲಿ ಗ್ರಂಥದ ಸತ್ಯ ಇನ್ನೂ ಗಾಢವಾಗುತ್ತಿತ್ತು.