ಅಡಿಯ ಲೆಕ್ಕ, ಟಿ.ಎಂ.ಸಿ. ಲೆಕ್ಕ: ಮಂಡ್ಯ ಸೀಮೆಯ ‘ಅಜ್ಞಾನ’ದ ಕುರಿತು

ಪ್ರಜಾಪ್ರಭುತ್ವದ ವೈಫಲ್ಯಗಳಿಗೆ ಜನರ ಅಜ್ಞಾನವನ್ನು ಹೊಣೆಯಾಗಿಸುವ ವಾದ ಹಳೆಯದು. 1881ರಲ್ಲಿ ಸ್ಥಾಪನೆಗೊಂಡ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಪ್ರಾತಿನಿಧ್ಯವು ಬಹುಕಾಲ ಆಸ್ತಿ ಹಾಗೂ ವಿದ್ಯಾರ್ಹತೆಗಳ ಬೇಲಿಯೊಳಗೇ ಇತ್ತು. ಅರ್ಹತೆ ಸಾಬೀತಾದ ಮೇಲಷ್ಟೇ ಹಕ್ಕು ಎಂಬ ಈ ತರ್ಕವನ್ನು ಮಂಟೇಸ್ವಾಮಿ ಕಾವ್ಯ ತನ್ನದೇ ರೀತಿಯಲ್ಲಿ ಬಲ್ಲದು. ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆಂದು ಬಂದ ಸಿದ್ದಪ್ಪಾಜಿಯನ್ನು ಪಾಂಚಾಳರು ಪರೀಕ್ಷೆಗೊಡ್ಡುತ್ತಾರೆ. ನೀಲಗಾರರು ಹಾಡುವ ಈ ಸಾಲನ್ನು ಕೇವಲ ಪವಾಡಕಥನವಾಗಿ ಓದುವುದು ವಾಡಿಕೆ. ಎಲ್ಲರಿಗೂ ಬೇಕಾದ ಲೋಹ ಕೆಲವರ ವಶದಲ್ಲಿದ್ದು, ಬೇಡಬಂದವನೇ ತನ್ನ ಯೋಗ್ಯತೆಯನ್ನು ತೋರಬೇಕಾದ ಸ್ಥಿತಿಯೇ ಅದರ ತಿರುಳು. (ಪಾಂಚಾಳರೂ ದುಡಿಯುವ ಕುಲದವರೇ ಎಂಬುದನ್ನು ಮರೆತರೆ ಈ ಓದೂ ಅನ್ಯಾಯವಾದೀತು.)

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜ ಏರಿದಾಗ ನೆರೆದ ಜನಸ್ತೋಮಕ್ಕೆ ಯಾವ ವಿದ್ಯಾರ್ಹತೆಯೂ ಬೇಕಿರಲಿಲ್ಲ. ಅನಕ್ಷರತೆಯೇ ಅಜ್ಞಾನವಲ್ಲ. ಹಾಗೆಂದು ಜನಪದರು ಸರ್ವವನ್ನೂ ಬಲ್ಲರೆಂಬ ಭಾವುಕತೆಗೂ ಆಧಾರವಿಲ್ಲ. ಜಾನಪದ ಅಧ್ಯಯನಗಳು ಇದಕ್ಕೆ ಸುಲಭವಾಗಿ ಒಲಿದಿವೆ.

ಕನ್ನಂಬಾಡಿ ಕಟ್ಟೆಯ ನೀರನ್ನು ಮಂಡ್ಯದ ರೈತ ಅಡಿಗಳಲ್ಲಿ ಬಲ್ಲ, 124.80 ಅಡಿ ಎಂದರೆ ಕಟ್ಟೆ ತುಂಬಿತು. ನ್ಯಾಯಮಂಡಳಿಯ ಲೆಕ್ಕ ಟಿ.ಎಂ.ಸಿ.ಯದು. ತಮಿಳುನಾಡಿಗೆ ಸಲ್ಲಬೇಕಾದ ನೀರು 1991ರ ಮಧ್ಯಂತರ ಆದೇಶದಲ್ಲಿ 205 ಟಿ.ಎಂ.ಸಿ., 2007ರ ಅಂತಿಮ ಐತೀರ್ಪಿನಲ್ಲಿ 192. ಹೊರೆ ಇಳಿಯಿತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮೊದಲನೆಯದರ ಅಳತೆ ಮೆಟ್ಟೂರಿನಲ್ಲಿ, ಎರಡನೆಯದರದು ಅದಕ್ಕಿಂತ ಮೇಲೆ, ಗಡಿಯ ಬಿಳಿಗುಂಡ್ಲುವಿನಲ್ಲಿ. ನಡುವೆ ಸೇರುವ ನೀರನ್ನು ಗಣಿಸದೆ ಎರಡನ್ನೂ ಹೋಲಿಸಲಾಗದು. 2018ರಲ್ಲಿ ಸುಪ್ರೀಂ ಕೋರ್ಟ್ 192ನ್ನು 177.25ಕ್ಕೆ ಇಳಿಸಿದ್ದು ಮಾತ್ರ ನಿಜವಾದ ಇಳಿಕೆ. ಇದನ್ನು ಅಡಿಗೆ, ಎಕರೆಗೆ, ಬೆಳೆಗೆ ಬಿಡಿಸಿ ಹೇಳಬೇಕಾದವರು ಜನಪ್ರತಿನಿಧಿಗಳು. ಹೇಳದಿರುವುದರಲ್ಲಿ ಅವರಿಗೆ ಲಾಭವಿದೆ: ಲೆಕ್ಕ ತಿಳಿದ ಮತದಾರ ನಾಲೆಯ ಕೊನೆಯ ಹೊಲಕ್ಕೆ ನೀರೇಕೆ ತಲುಪಲಿಲ್ಲವೆಂದೂ ಕೇಳಿಯಾನು. ಹಲಗೂರಿನ ಕಬ್ಬಿಣದಂತೆ ಈ ಲೆಕ್ಕವೂ ಕೆಲವರ ವಶದಲ್ಲಿದೆ.

ಇಂಥ ಅಜ್ಞಾನ ನಿರುಪದ್ರವಿಯಲ್ಲ. ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ 1991ರ ಡಿಸೆಂಬರಿನಲ್ಲಿ ನಡೆದ ಹಿಂಸೆಗೆ ಈಡಾದವರು ರಾಜ್ಯದಲ್ಲೇ ನೆಲೆಸಿದ್ದ ತಮಿಳು ಭಾಷಿಕರು. ಯಾವ ಅಣೆಕಟ್ಟಿನ ಬಾಗಿಲೂ ಅವರ ಕೈಯಲ್ಲಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆದಾಗ ಮುಂದಿದ್ದ ಪ್ರಶ್ನೆ, ಮಳೆ ಸೋತ ವರ್ಷದ ಕೊರತೆಯನ್ನು ಯಾವ ಸೂತ್ರದಲ್ಲಿ ಹಂಚಿಕೊಳ್ಳಬೇಕೆಂಬುದು. ಘೋಷಣೆಗಳಲ್ಲಿ ಕೇಳಿಸಿದ್ದು ನದಿ ಯಾರದೆಂಬುದು.