ವೃಕ್ಕಜನ್ಯ ಗ್ರಂಥ್ಯರ್ಬುದ: ಒಂದು ನಾಮಪರೀಕ್ಷೆ

ಸ್ತ್ರೀಯರ ಮೂತ್ರಾಶಯದಲ್ಲಿಯೂ ಮೂತ್ರನಾಳದಲ್ಲಿಯೂ, ವಿಶೇಷವಾಗಿ ಆ ನಾಳದ ಭಿತ್ತಿಯಿಂದ ಹೊರಚಾಚಿದ ಚೀಲದಂತಹ ಪೊಳ್ಳಿನಲ್ಲಿ, ವಿರಳವಾಗಿ ಕಾಣುವ ಒಂದು ಸೌಮ್ಯವಾದ ಬೆಳವಣಿಗೆಯುಂಟು. ಪುರುಷರಲ್ಲಿಯೂ ಇದು ಇಲ್ಲದಿಲ್ಲ. 1950ರಲ್ಲಿ ಫ್ರೀಡ್‌ಮನ್, ಕುಹ್ಲೆನ್‌ಬೆಕ್ ಎಂಬವರು ಇದಕ್ಕೆ ‘ನೆಫ್ರೋಜೆನಿಕ್ ಅಡಿನೋಮ’ ಎಂದು ಹೆಸರಿಟ್ಟರು. ಕನ್ನಡಿಸಿದರೆ ‘ವೃಕ್ಕಜನ್ಯ ಗ್ರಂಥ್ಯರ್ಬುದ’ ಎಂದಾಗುವುದು. ಈ ಸಮಾಸದ ಪದಗಳು ಎಷ್ಟರಮಟ್ಟಿಗೆ ಅನ್ವರ್ಥಕವೆಂಬುದು ವಿಚಾರಣೀಯ.

ಗ್ರಂಥಿಶಬ್ದವು ಈಗ ರಸವನ್ನು ಸ್ರವಿಸುವ ಅಂಗಕ್ಕೆ ರೂಢವಾಗಿದೆ. ಸುಶ್ರುತನಲ್ಲಿ ಅದು ಗಂಟಿನಂತಹ ಬಾವು ಮಾತ್ರ. ಉತ್ತರತಂತ್ರದ ಮೂತ್ರಾಘಾತಪ್ರಕರಣದಲ್ಲಿ ಹೇಳಿದ ಮೂತ್ರಗ್ರಂಥಿಯು ಬಸ್ತಿಮುಖದ ಒಳಗೆ ಹಠಾತ್ತಾಗಿ ಹುಟ್ಟುವ, ಚಿಕ್ಕದಾದ, ದುಂಡಾದ, ನೋವುಳ್ಳ, ಮೂತ್ರವನ್ನು ತಡೆಯುವ ಗಂಟು. ಪ್ರಕೃತ ಬೆಳವಣಿಗೆಯಾದರೋ ಅನೇಕ ವೇಳೆ ನೋವಿಲ್ಲದೆ, ಮೂತ್ರದಲ್ಲಿ ರಕ್ತವನ್ನು ತೋರಿಸಿ, ಅಥವಾ ಬೇರೆ ಕಾರಣದ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ತಿಳಿದುಬರುವುದು. ಆದುದರಿಂದ ಶಬ್ದಸಾಮ್ಯವನ್ನು ಹಿಡಿದು ಇವೆರಡನ್ನೂ ಒಂದೆನ್ನುವುದು ಸಾಧುವಲ್ಲ.

‘ವೃಕ್ಕಜನ್ಯ’ವೆಂಬ ವಿಶೇಷಣದ ಕಥೆ ಇನ್ನೂ ಸ್ವಾರಸ್ಯವಾದುದು. ಸೂಕ್ಷ್ಮದರ್ಶಕದಲ್ಲಿ ಕಂಡ ನಾಳಿಕೆಗಳು ವೃಕ್ಕದ ನಾಳಿಕೆಗಳನ್ನು ಹೋಲುತ್ತಿದ್ದವು. ಹೆಸರಿಟ್ಟವರಿಗೆ ಸಾದೃಶ್ಯವೇ ಆಧಾರ. ಅನಂತರದವರು ಇದನ್ನು ಒಪ್ಪದೆ, ಶಸ್ತ್ರಕ್ರಿಯೆ, ಅಶ್ಮರಿ, ಸೋಂಕು ಮೊದಲಾದವುಗಳಿಂದ ಗಾಯಗೊಂಡ ಒಳಪೊರೆಯೇ ಹೀಗೆ ರೂಪಾಂತರ ಹೊಂದುವುದೆಂದರು. 2002ರಲ್ಲಿ ಪ್ರಕಟವಾದ ಮಜಲ್ ಮೊದಲಾದವರ ಪರೀಕ್ಷೆಯು ಈ ವಾದವನ್ನು ಅಲುಗಿಸಿತು. ಪುರುಷನ ವೃಕ್ಕವನ್ನು ಪಡೆದ ಸ್ತ್ರೀಯರ ಮೂತ್ರಾಶಯದಲ್ಲಿ ಹುಟ್ಟಿದ ಈ ಬೆಳವಣಿಗೆಯ ಕೋಶಗಳಲ್ಲಿ ಪುರುಷನ ವರ್ಣತಂತು ಕಂಡಿತು. ಸುತ್ತಣ ಪೊರೆಯಲ್ಲಿ ಕಾಣಲಿಲ್ಲ. ವೃಕ್ಕದಿಂದ ಕಳಚಿದ ಕೋಶಗಳು ಮೂತ್ರದೊಡನೆ ಇಳಿದು ಗಾಯದಲ್ಲಿ ನಾಟಿಕೊಂಡುವೆಂಬುದಕ್ಕೆ ಇದು ಬಲವಾದ ಪ್ರಮಾಣ. ಹಳೆಯ ಹೆಸರು ಘುಣಾಕ್ಷರನ್ಯಾಯದಿಂದ ಸರಿಯಾಯಿತೆನ್ನಬೇಕು! ಆದರೆ ವೃಕ್ಕದಾನ ಪಡೆಯದವರಲ್ಲಿಯೂ ಹೀಗೆಯೇ ಆಗುವುದೆಂಬುದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ.

ದೋಷವುಳ್ಳ ಪದ ‘ಅರ್ಬುದ’. ನಾಟಿಕೊಂಡು ಚಿಗುರಿದುದು ಅರ್ಬುದವೆನಿಸದು. ತೆಗೆದ ಮೇಲೆ ಮರಳಿ ಹುಟ್ಟುವುದುಂಟಾದರೂ ದೂರದ ಅಂಗಗಳಿಗೆ ಹರಡುವುದಿಲ್ಲ. ಇದು ಬರಿಯ ಶಬ್ದಕಲಹವೆನ್ನುವಂತಿಲ್ಲ. ಸ್ತ್ರೀಯರ ಮೂತ್ರನಾಳದ ಅದೇ ಪೊಳ್ಳಿನಲ್ಲಿ ‘ಕ್ಲಿಯರ್ ಸೆಲ್’ ಎಂಬ ಮಾರಕ ಅರ್ಬುದವೂ ಹುಟ್ಟುವುದು, ಅದರಲ್ಲಿಯೂ ನಾಳಿಕೆಗಳಿರುವುವು. ವೃಕ್ಕಮೂಲವನ್ನು ಸೂಚಿಸುವ ಪ್ಯಾಕ್ಸ್-8 ಎಂಬ ಗುರುತೂ ಎರಡರಲ್ಲಿ ಕಾಣುವುದರಿಂದ, ಅದನ್ನೇ ಲಕ್ಷಣವೆಂದು ಹಿಡಿದರೆ ಅತಿವ್ಯಾಪ್ತಿದೋಷ ಬರುವುದು. ಕೋಶಕೇಂದ್ರಗಳ ವಿಕಾರ, ಕೋಶವಿಭಜನೆಯ ವೇಗ, ಸ್ನಾಯುವಿನೊಳಕ್ಕೆ ನುಗ್ಗಿರುವಿಕೆ ಇವನ್ನೆಲ್ಲ ಕೂಡಿಸಿಯೇ ನಿರ್ಣಯಿಸತಕ್ಕದ್ದು. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ, ನಾಳದ ಮೂಲಕವೇ ಕೆರೆದು ತೆಗೆಯಬಹುದಾಗಿದ್ದುದಕ್ಕಾಗಿ ಸ್ತ್ರೀಯು ಮೂತ್ರಾಶಯವನ್ನೇ ಕಳೆದುಕೊಂಡಾಳು, ವಿಪರೀತವಾದರೆ ಪ್ರಾಣವನ್ನೇ.

ಕನ್ನಡದಲ್ಲಿ ‘ವೃಕ್ಕಜಾಂಕುರ’ ಎಂದರೆ ನಾಟಿ ಚಿಗುರುವ ಅರ್ಥವು ಹೊಂದುವುದು. ಮಾಂಸಾಂಕುರವೆಂಬುದು ಮೂಲವ್ಯಾಧಿಗೆ ರೂಢವಾಗಿರುವುದಾದರೂ ‘ವೃಕ್ಕಜ’ವೆಂಬ ವಿಶೇಷಣವಿರುವುದರಿಂದ ಗೊಂದಲಕ್ಕೆ ಅವಕಾಶವಿಲ್ಲ.